ಒಂದು ಪ್ರೋಟೀನಿನ ಬದಲಾವಣೆ, ಒಂದು ಔಷಧದ ಸೋಲು

ಕ್ಷಯರೋಗ ನಿಯಂತ್ರಣದ ಚರಿತ್ರೆಯಲ್ಲಿ ಅನಂತಪುರ ಜಿಲ್ಲೆಗೆ ವಿಶೇಷ ಸ್ಥಾನವಿದೆ. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಜಿಲ್ಲಾ ಚಿಕಿತ್ಸಾ ಕಾರ್ಯಕ್ರಮಕ್ಕೆ 1961ರಲ್ಲಿ ಮಾದರಿಯಾಗಿ ಆರಿಸಿಕೊಂಡದ್ದು ಈ ಜಿಲ್ಲೆಯನ್ನೇ. ರಾಯದುರ್ಗ, ಮಡಕಶಿರಾ ಎರಡೂ ಆಗ ಇದರ ಭಾಗಗಳು. ಆ ಕಾಲದ ಕ್ಷಯಚಿಕಿತ್ಸೆಯ ಮುಖ್ಯ ಔಷಧಗಳಲ್ಲಿ ಸ್ಟ್ರೆಪ್ಟೋಮೈಸಿನ್ ಚುಚ್ಚುಮದ್ದೂ ಒಂದು. ಅದು ಕೆಲವರಲ್ಲಿ ಏಕೆ ವಿಫಲವಾಗುತ್ತಿತ್ತು ಎಂಬುದಕ್ಕೆ ಉತ್ತರ ರೋಗಾಣುವಿನ ರೈಬೋಸೋಮಿನಲ್ಲಿದೆ.

ರೈಬೋಸೋಮ್ ಎಂದರೆ ಜೀವಕೋಶದಲ್ಲಿ ಪ್ರೋಟೀನುಗಳನ್ನು ತಯಾರಿಸುವ ಯಂತ್ರ. ವಂಶವಾಹಿಯಿಂದ ನಕಲಾಗಿ ಬಂದ ಸಂದೇಶವನ್ನು ಅದು ಮೂರು ಮೂರು ಅಕ್ಷರಗಳಂತೆ ಓದಿ, ಒಂದೊಂದು ಗುಂಪಿಗೆ ಒಂದೊಂದು ಅಮೈನೋ ಆಮ್ಲವನ್ನು ಪೋಣಿಸುತ್ತದೆ. ಓದುವ ಕೆಲಸ ಅದರ ಚಿಕ್ಕ ಭಾಗದ್ದು, ಪೋಣಿಸುವ ಕೆಲಸ ದೊಡ್ಡ ಭಾಗದ್ದು. ಬ್ಯಾಕ್ಟೀರಿಯಾಗಳಲ್ಲಿ ಚಿಕ್ಕ ಭಾಗವು ಉದ್ದನೆಯ ಒಂದು ಆರ್‌ಎನ್‌ಎ ಎಳೆ ಹಾಗೂ ಸುಮಾರು 20 ಪ್ರೋಟೀನುಗಳಿಂದ ಆಗಿದೆ. ಇವುಗಳಲ್ಲಿ ಹೆಚ್ಚಿನವು ಹೊರಮೈಯಲ್ಲಿದ್ದು ಎಳೆಯ ಮಡಿಕೆಗಳನ್ನು ಸಡಿಲವಾಗದಂತೆ ಹಿಡಿದಿಡುತ್ತವೆ. ಎಸ್12 ಎಂಬ ಪ್ರೋಟೀನು ಮಾತ್ರ ಸಂದೇಶ ಓದುವ ಸ್ಥಳದ ಪಕ್ಕದಲ್ಲೇ ನೆಲೆಸಿದೆ. ಅದರ ಒಂದು ಭಾಗ ಉಂಡೆಯಂತಿದ್ದರೆ, ನೀಳವಾದ ಬಾಲವು ಆರ್‌ಎನ್‌ಎ ಮಡಿಕೆಗಳ ನಡುವೆ ನುಸುಳಿ ಆಚೆ ಬದಿಗೆ ಚಾಚಿದೆ. ಸಂದೇಶಕ್ಕೆ ತಕ್ಕ ಅಮೈನೋ ಆಮ್ಲವೇ ಬಂದಿದೆಯೇ ಎಂಬ ಪರೀಕ್ಷೆಗೆ ಎಸ್12 ನೆರವಾಗುತ್ತದೆ. ಚಿದಂಬರದಲ್ಲಿ ಜನಿಸಿದ ವೆಂಕಟರಾಮನ್ ರಾಮಕೃಷ್ಣನ್ ಅವರ ತಂಡವು 2000ದಲ್ಲಿ ಈ ರಚನೆಯನ್ನು ಪರಮಾಣುಗಳ ಮಟ್ಟದಲ್ಲಿ ತೋರಿಸಿಕೊಟ್ಟಿತು. 2009ರಲ್ಲಿ ಅವರು ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿ ಪಡೆದರು.

ಸ್ಟ್ರೆಪ್ಟೋಮೈಸಿನ್ ಈ ಆರ್‌ಎನ್‌ಎಗೂ ಎಸ್12ಕ್ಕೂ ಒಟ್ಟಿಗೆ ಅಂಟಿಕೊಳ್ಳುತ್ತದೆ. ಆಗ ಸಂದೇಶದ ಓದು ತಪ್ಪಿ, ಕೆಟ್ಟ ಪ್ರೋಟೀನುಗಳು ತಯಾರಾಗಿ ರೋಗಾಣು ಸಾಯುತ್ತದೆ. ಆದರೆ ಎಸ್12ರ 43ನೆಯ ಸ್ಥಾನದಲ್ಲಿ ಲೈಸಿನ್ ಬದಲು ಆರ್ಜಿನಿನ್ ಬಂದಿದ್ದರೆ ಔಷಧಕ್ಕೆ ಹಿಡಿತ ಸಿಗುವುದಿಲ್ಲ. ರೈಬೋಸೋಮಿನ ಕೆಲಸವೋ ನಿರಾತಂಕವಾಗಿ ಸಾಗುತ್ತದೆ.

ಈ ಬದಲಾವಣೆಯನ್ನು ಔಷಧವು ಉಂಟುಮಾಡುವುದಿಲ್ಲ. ಅಸಂಖ್ಯ ರೋಗಾಣುಗಳ ನಡುವೆ ಎಲ್ಲೋ ಒಂದರಲ್ಲಿ ಅದು ಆಕಸ್ಮಿಕವಾಗಿ ಒದಗಿರುತ್ತದೆ. ಒಂದೇ ಔಷಧವನ್ನು ಕೊಟ್ಟರೆ ಉಳಿದವು ಸಾಯುತ್ತವೆ, ಬದಲಾದದ್ದು ಹೆಚ್ಚುತ್ತದೆ. ಹೊಲದಲ್ಲಿ ಬೇರು ಉಳಿದ ಗರಿಕೆ ಮತ್ತೆ ಹಬ್ಬುವಂತೆ. ಆದುದರಿಂದಲೇ ಕ್ಷಯಕ್ಕೆ ಹಲವು ಔಷಧಗಳನ್ನು ಒಟ್ಟಿಗೆ, ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ.

ಮಾತ್ರೆ ಆರಂಭಿಸಿದ ಕೆಲವೇ ವಾರಗಳಲ್ಲಿ ಜ್ವರ ಇಳಿದು ಹಸಿವು ಮರಳುತ್ತದೆ. ರೋಗ ಹೋಯಿತೆಂದು ಹಲವರು ಮಾತ್ರೆ ಬಿಡುವುದು ಆಗಲೇ. ಎರಡು ವಾರ ಮೀರಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕಫ ಪರೀಕ್ಷೆ ಮಾಡಿಸಬೇಕು. ರೋಗವಿದ್ದರೆ ವೈದ್ಯರು ಹೇಳಿದ ಕೊನೆಯ ದಿನದವರೆಗೂ ಮಾತ್ರೆ ನುಂಗಬೇಕು. ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಹೊಣೆಯನ್ನು ಮನೆಯಲ್ಲಿ ಓದುವ ಮಕ್ಕಳು ಹೊರಬಲ್ಲರು.