ಚೆಂಡಿನ ಹೊಳಪು
ಚೆಂಡಿಗೆ ಪರವಸ್ತುವನ್ನು ಸವರುವುದು ಮೋಸವೆ? 2004ರ ಜನವರಿಯಲ್ಲಿ, ಬ್ರಿಸ್ಬೇನಿನಲ್ಲಿ ಜಿಂಬಾಬ್ವೆಯೆದುರು ಆಡುವಾಗ, ನಮ್ಮ ರಾಹುಲ್ ದ್ರಾವಿಡರು ಬಾಯಲ್ಲಿದ್ದ ಗುಳಿಗೆಯ ಅಂಟನ್ನು ಚೆಂಡಿಗೆ ತೀಡಿದರೆಂದು ಪಂದ್ಯದ ಸಂಭಾವನೆಯಲ್ಲಿ ಅರ್ಧವನ್ನು ದಂಡ ತೆತ್ತರು. ದುರುದ್ದೇಶವಿರಲಿಲ್ಲವೆಂದಿತು ತಂಡ. ನಂಬೋಣ, ಆದರೂ ದಂಡ ನ್ಯಾಯವೇ. ಅಂದು ಸಲ್ಲುತ್ತಿದ್ದ ಎಂಜಲು 2020ರಲ್ಲಿ ಸಾಂಕ್ರಾಮಿಕದ ನಿಮಿತ್ತ ನಿಷಿದ್ಧವಾಯಿತು. 2022ರಲ್ಲಿ ಆ ನಿಷೇಧವೇ ನಿಯಮವಾಯಿತು. ಬೆವರಿಗೆ ಅಡ್ಡಿಯಿಲ್ಲ. ವಸ್ತುವಿಗೆ ತನ್ನಷ್ಟಕ್ಕೆ ದೋಷವಿಲ್ಲ. ಇಬ್ಬರೂ ಒಪ್ಪಿದ ಕಟ್ಟಳೆಯನ್ನು ಒಬ್ಬನು ಮೀರಿದಾಗ ದೋಷ ಹುಟ್ಟುತ್ತದೆ. ಅರಿಯದೆ ಮೀರಿದರೆ ತಪ್ಪು. 2018ರಲ್ಲಿ ಕೇಪ್‌ಟೌನಿನಲ್ಲಿ ಆಸ್ಟ್ರೇಲಿಯದವರು ಮರಳುಕಾಗದವನ್ನು ಬಚ್ಚಿಟ್ಟು ಬಳಸಿದಂತೆ ಅರಿತೂ ಮೀರಿದರೆ ಮೋಸ. ದಂಡ ಎರಡಕ್ಕೂ ಉಂಟು; ಕಳಂಕ ಎರಡನೆಯದಕ್ಕೆ ಮಾತ್ರ. ದೊಡ್ಡಬೆಳವಂಗಲದ ಬಯಲಿನಲ್ಲಿ ಚೆಂಡನ್ನು ಷರಾಯಿಗೆ ಉಜ್ಜುವ ಹುಡುಗನಿಗೂ ಈ ಭೇದ ತಿಳಿದಿರಬೇಕು.