ಚಪ್ಪಾಳೆ ಬರಿಗೈಗೆ, ಲೆಕ್ಕ ಹಗ್ಗಕ್ಕೆ

ನಮ್ಮೂರು ಚಿತ್ರದುರ್ಗ ಅಂದ ಕೂಡ್ಲೇ ಹಾಸ್ಟೆಲ್‌ನಲ್ಲಿ ಎರಡೇ ಪ್ರಶ್ನೆ. ಓಬವ್ವನ ಕಿಂಡಿ ನಿಜವಾಗ್ಲೂ ಅಷ್ಟು ಚಿಕ್ಕದಾ? ಕೋತಿರಾಜನ್ನ ನೋಡಿದೀಯಾ? ನೋಡಿದೀನಿ. ಜ್ಯೋತಿರಾಜ್ ಕೋಟೆ ಗೋಡೆಯನ್ನು ಬರಿಗೈಲಿ ಹತ್ತುವುದನ್ನು ಬಾಯಿ ಬಿಟ್ಕೊಂಡು ನೋಡಿ ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬ. ಅವರ ಸಾಮರ್ಥ್ಯದ ಬಗ್ಗೆ ಎರಡು ಮಾತಿಲ್ಲ. ನನ್ನ ತಕರಾರು ಇರೋದು, ಅದನ್ನು ನೋಡಿ 'ನಾನೂ ಒಂದು ಕೈ ನೋಡ್ತೀನಿ' ಅನ್ನೋರ ಬಗ್ಗೆ.

ಕಳೆದ ರಜೆಯಲ್ಲಿ ಹಾಗಂದವನು ನಾನೇ. ಊರ ಹೊರಗೆ ಒಂದು ಬಂಡೆ, ಕೆಳಗೆ ಮೊಬೈಲ್ ಹಿಡಿದ ಗೆಳೆಯ. ಸೊಂಟಕ್ಕೆ ಬೋರ್‌ವೆಲ್ ಮೋಟರ್‌ಗೆ ಕಟ್ಟೋ ಪ್ಲಾಸ್ಟಿಕ್ ಹಗ್ಗ, ಅದರ ಇನ್ನೊಂದು ತುದಿ ಬುಡದಲ್ಲಿದ್ದ ಜಾಲಿ ಗಿಡಕ್ಕೆ. ಎರಡಾಳು ಎತ್ತರದಲ್ಲಿ ಮೇಲಕ್ಕೂ ಆಗಲಿಲ್ಲ, ಕೆಳಕ್ಕೂ ಆಗಲಿಲ್ಲ. ಹೇಗೋ ತೆವಳಿ ಇಳಿದೆ. ಇಳಿದು ಹಗ್ಗ ಎಳೆದರೆ ಗಿಡ ಬೇರು ಸಮೇತ ಕೈಗೆ ಬಂತು. ಗಿಡ ಗಟ್ಟಿ ಇದ್ದಿದ್ರೂ ಉಪಯೋಗ ಇರಲಿಲ್ಲ. ಕಟ್ಟಿದ್ದು ಕೆಳಗೆ, ಮಧ್ಯೆ ಎಲ್ಲೂ ಹಗ್ಗ ಸಿಕ್ಕಿಸಿರಲಿಲ್ಲ. ಬಿದ್ದಿದ್ರೆ ಹಗ್ಗ ಬಿಗಿಯಾಗೋ ಮೊದಲೇ ನಾನು ನೆಲದಲ್ಲಿ. ಎಂಜಿನಿಯರಿಂಗ್ ಓದೋನು ಇಷ್ಟು ಸರಳ ಚಿತ್ರ ತಲೆಯಲ್ಲಿ ಬರೆದು ನೋಡಲಿಲ್ಲ. ಅದೇ ನಾಚಿಕೆ.

ಹಗ್ಗ ಉಳಿಸಲ್ಲ, ಹಗ್ಗದ ವ್ಯವಸ್ಥೆ ಉಳಿಸುತ್ತೆ. ಬಿದ್ದ ದೂರವನ್ನು, ಆ ಬೀಳನ್ನು ತಡೆಯುವ ಹಗ್ಗದ ಉದ್ದದಿಂದ ಭಾಗಿಸಿ. ಅದು ಫಾಲ್ ಫ್ಯಾಕ್ಟರ್. 4 ಮೀಟರ್ ಬಿದ್ದಾಗ ಬಿಟ್ಟಿರೋ ಹಗ್ಗ 20 ಮೀಟರ್ ಇದ್ರೆ 0.2, ಬರೀ 2 ಮೀಟರ್ ಇದ್ರೆ 2. ಘರ್ಷಣೆ ಬಿಟ್ಟು ಸ್ಪ್ರಿಂಗ್ ಎನರ್ಜಿಯ ಲೆಕ್ಕ ಹಾಕಿ ನೋಡಿ. ಮೈಗೆ ಬೀಳೋ ಗರಿಷ್ಠ ಬಲ ತೂಕ, ಈ ಅನುಪಾತ ಮತ್ತು ಹಗ್ಗದ ಬಿರುಸಿನ ಮೇಲೆ ನಿಲ್ಲುತ್ತೆ, ಬಿದ್ದ ಎತ್ತರದ ಮೇಲಲ್ಲ. ಅದಕ್ಕೇ ಹತ್ತೋರು ಹಿಗ್ಗುವ ಡೈನಾಮಿಕ್ ಹಗ್ಗ ಬಳಸ್ತಾರೆ. ಮೋಟರ್ ಹಗ್ಗ ಆ ಕೆಲಸಕ್ಕೆ ಮಾಡಿದ್ದಲ್ಲ.

ದೊಡ್ಡ ಗೋಡೆಯನ್ನು ಒಬ್ಬರೇ ಹತ್ತೋರ ಕಷ್ಟ ಇನ್ನೂ ಜಾಸ್ತಿ. ಹಗ್ಗ ಹಿಡಿಯೋಕೆ ಕೆಳಗೆ ಯಾರೂ ಇಲ್ಲ. ಬಿದ್ದಾಗ ಹಗ್ಗ ಬುಡದ ಆಂಕರನ್ನು ಮೇಲಕ್ಕೆ ಎಳೆಯೋದ್ರಿಂದ, ಅದು ಮೇಲ್ಮುಖ ಎಳೆತಕ್ಕೂ ನಿಲ್ಲಬೇಕು. ಸೊಂಟದ ಸಾಧನ ಹಗ್ಗವನ್ನು ಬಿಡುತ್ತಾ ಹೋಗಿ, ಬಿದ್ದಾಗ ಹಿಡೀಬೇಕು. ಅದು ಕೈಕೊಟ್ಟರೆ ಅಂತ ಆಗಾಗ ಬ್ಯಾಕಪ್ ಗಂಟು ಬೇರೆ. ಒಂದು ಹಂತ ಹತ್ತಿದ ಮೇಲೆ ಹಗ್ಗ ಮೇಲೆ ಕಟ್ಟಿ, ಇಳಿದು, ಸಿಕ್ಕಿಸಿದ ಸಾಮಾನು ಬಿಚ್ಕೊಂಡು, ಅದೇ ಹಗ್ಗದಲ್ಲಿ ಮತ್ತೆ ಏರಬೇಕು. ಅಂದ್ರೆ ಒಂದೇ ಗೋಡೆ ಎರಡು ಸಲ! ಆಮೇಲೆ ಚೀಲ ಎಳೀಬೇಕು. ದಿನಕ್ಕೆ 4 ಲೀಟರ್‌ನಂತೆ ಮೂರು ದಿನದ ನೀರೇ 12 ಕೆ.ಜಿ. ಒಂದು ಸಾಧನ ಕೈಜಾರಿದ್ರೆ ಎತ್ತಿಕೊಡೋರಿಲ್ಲ. ಹಾಗಾಗಿ ಯಾವುದು ಎಡಕ್ಕೆ, ಯಾವುದು ಬಲಕ್ಕೆ, ಯಾವ ಹಗ್ಗ ಯಾವ ಚೀಲದಲ್ಲಿ ಅನ್ನೋದು ನೆಲದ ಮೇಲೇ ತೀರ್ಮಾನ ಆಗಿರಬೇಕು.

1968ರಲ್ಲಿ ಅಮೆರಿಕದ ಎಲ್ ಕ್ಯಾಪಿಟನ್ ಗೋಡೆಯನ್ನು ಮೊದಲ ಬಾರಿಗೆ ಒಂಟಿಯಾಗಿ ಏರಿದ ರಾಯಲ್ ರಾಬಿನ್ಸ್ ಹಗ್ಗ ಹಾಕಿಕೊಂಡೇ ಏರಿದ್ದು. 2017ರ ಜೂನ್ 3ರಂದು ಅದೇ ಗೋಡೆಯನ್ನು ಅಲೆಕ್ಸ್ ಹಾನಲ್ಡ್ ಹಗ್ಗವಿಲ್ಲದೆ ಏರಿದರು, ನಿಜ. ಆದರೆ ಅದಕ್ಕೂ ಮೊದಲು ಅದೇ ದಾರಿಯಲ್ಲಿ ಹಗ್ಗ ಕಟ್ಟಿಕೊಂಡು ಎಷ್ಟೋ ಸಲ ಅಭ್ಯಾಸ ಮಾಡಿದ್ದರು. ರೀಲ್‌ನಲ್ಲಿ ಅದು ಬರಲ್ಲ.

'ಹಗ್ಗ ಅಂತ ಕೂತ್ರೆ ಸಾಹಸ ಎಲ್ಲಿ ಗುರು?' ಅಂತೀರಿ. ನಮ್ಮ ಕೋಟೆ ಕಡೆಯ ಕಥೆಗಳಲ್ಲೇ ನೋಡಿ: ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಗೋಡೆ ಹತ್ತಿಸಿ, ಅದು ಕಚ್ಚಿ ಹಿಡಿದ ಮೇಲೆ ಸೈನಿಕ ಹತ್ತುತ್ತಿದ್ದನಂತೆ. ನಿಜವೋ ಸುಳ್ಳೋ, ಕಥೆ ಕಟ್ಟಿದವನಿಗೂ ಆಂಕರ್ ಮೊದಲು, ಮನುಷ್ಯ ಆಮೇಲೆ ಅಂತ ಗೊತ್ತಿತ್ತು.

ನನ್ನ ಕೋರಿಕೆ ಇಷ್ಟೇ. ಕೋಟೆ ಸಂರಕ್ಷಿತ ಸ್ಮಾರಕ, ಅದರ ಗೋಡೆಯನ್ನು ಬಿಟ್ಟುಬಿಡಿ. ಹತ್ತೋ ಆಸೆ ಇದ್ರೆ ಬಾದಾಮಿಯಂಥ ಕಡೆ ಗೊತ್ತಿರೋರ ಜೊತೆ ಹೋಗಿ ಕಲಿಯೋಣ. ಅದಕ್ಕೂ ಮೊದಲು, ನಮ್ಮ ಲ್ಯಾಬ್‌ನ ಯುಟಿಎಂನಲ್ಲಿ ಕಬ್ಬಿಣದ ಸರಳು ಎಳೆದಿದ್ದು ಸಾಕು, ಒಂದು ದಿನ ಗಂಟು ಹಾಕಿದ ಹಗ್ಗ ಎಳೆದು ನೋಡೋಣ. ಗಂಟು ಹಗ್ಗದ ಬಲವನ್ನು ಎಷ್ಟು ತಿನ್ನುತ್ತೆ ಅಂತ ಕಣ್ಣಾರೆ ಕಾಣುತ್ತೆ. ಮೇಡಂ ಒಪ್ಪಿದರೆ ಮಿನಿ ಪ್ರಾಜೆಕ್ಟೂ ಆಯ್ತು. ಮೋಟರ್ ಹಗ್ಗ ನಾನು ತರ್ತೀನಿ. ಮನೇಲಿ ಹಾಗೇ ಬಿದ್ದಿದೆ.