ಕುಮಾರರಾಮನ ಮನೋವ್ಯಥೆ

ಕಂಪ್ಲಿಯ ಕುಮಾರರಾಮನನ್ನು ‘ಪರನಾರೀ ಸಹೋದರ’ನೆಂದು ಕೊಂಡಾಡಿ ನಮ್ಮ ವಿಮರ್ಶಕರು ಲೇಖನಿಯನ್ನು ಕೆಳಗಿಡುವರು. ಶೀಲವೊಂದನ್ನು ಹೊಗಳಿದ ಮಾತ್ರಕ್ಕೆ ಆ ಪಾತ್ರವು ತಿಳಿದಂತಾಯಿತೆ? ನಂಜುಂಡಕವಿಯ ಸಾಂಗತ್ಯವನ್ನು ಓದಿದವರು ಬಲ್ಲರು: ಚೆಂಡನ್ನು ತರಹೋದ ಮಗನು ಮಲತಾಯಿ ರತ್ನಾಜಿಯ ಮೋಹವನ್ನು ನಿರಾಕರಿಸಿದನು, ಅವಳು ಹೊರಿಸಿದ ಅಪವಾದವನ್ನು ನಂಬಿ ತಂದೆಯೇ ಅವನ ತಲೆಯನ್ನು ಕೇಳಿದನು. ಮಂತ್ರಿ ಬೈಚಪ್ಪನು ಅವನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟನು. ಲೋಕದ ಪಾಲಿಗೆ ಸತ್ತು ಕತ್ತಲಲ್ಲಿ ಬದುಕಿದವನನ್ನು, ದಿಲ್ಲಿಯ ದಂಡು ಬಂದಾಗ ಮತ್ತೆ ಹೊರಕ್ಕೆ ಕರೆದರು. ಅವನು ಕಾದಿದನು, ಕಡೆಗೆ ಕಾಳಗದಲ್ಲಿಯೇ ಮಡಿದನು. ಇದು ಬರಿಯ ಶೌರ್ಯವೆ? ತಂದೆಯ ನಂಬಿಕೆಯನ್ನು ಕಳೆದುಕೊಂಡವನಿಗೆ ಮನೆಯೆಂಬುದೇ ಉಳಿದಿರಲಿಲ್ಲವೆಂದು ನಾನು ಹೇಳುವೆನು. ಮನಸ್ಸಿನ ಗಾಯವು ಪಾಶ್ಚಾತ್ಯ ಕಾದಂಬರಿಗಳ ಸೊತ್ತೆಂಬ ವಾದವು ಸಲ್ಲದು. ಕಂಪಿಲಿರಾಜ್ಯವು 1327ರಲ್ಲಿ ಅಳಿಯಿತು. ಆ ಮಗನ ನೋವು ನಮ್ಮ ಕಾವ್ಯದಲ್ಲಿಯೇ ಇದೆ. ವಾಚಕರು ಅದನ್ನು ಹುಡುಕಿ ಓದಬೇಕು.